ಸುರಕ್ಷತೆಯ ರ‍್ಯಾಂಕ್ ಹಂಚುವವರಿಗೆ ಒಂದು ಖಾಲಿ ಕೊಕ್ಕೆಯ ವಿಜ್ಞಾಪನೆ

ಅಧ್ಯಕ್ಷರು ಮತ್ತು ಸರ್ವ ಸದಸ್ಯರಿಗೆ,
ವಿಮಾನ ಕಂಪನಿಗಳ ಸುರಕ್ಷತೆಯನ್ನು ಅಳೆದು ತೂಗಿ ವರ್ಷಕ್ಕೊಮ್ಮೆ ಪಟ್ಟಿ ಹೊರಡಿಸುವ ಸಮಿತಿ.

ಮಾನ್ಯರೇ,

ನೆಲದ ಮೇಲೆ ಕುರ್ಚಿಯಲ್ಲಿ ಕುಳಿತೇ ಆಕಾಶದಲ್ಲಿ ಯಾರು ಎಷ್ಟು ಸುರಕ್ಷಿತ ಎಂದು ಹೇಳಬಲ್ಲ ತಮ್ಮ ಸಮಿತಿಗೆ, ವಿಮಾನದ ಹೊಟ್ಟೆಯ ಕೆಳಗೆ ನಿಂತು ಕತ್ತೆತ್ತಿ ನೋಡುವುದೇ ಕೆಲಸವಾಗಿರುವ ನಮ್ಮಂಥವರ ಕಡೆಯಿಂದ ಮೊದಲಿಗೆ ಒಂದು ದೊಡ್ಡ ನಮಸ್ಕಾರ. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಬೇರೆಯವರ ಕ್ಷೇಮವನ್ನು ದಶಾಂಶ ಬಿಂದುವಿನ ಆಚೆಗೂ ಲೆಕ್ಕ ಹಾಕುವ ಮಹನೀಯರ ಕ್ಷೇಮವನ್ನು ನಾನು ಹೀಗೆ ಬಾಯಿಮಾತಿನಲ್ಲಿ ವಿಚಾರಿಸುವುದು ಅಧಿಕಪ್ರಸಂಗವಾದೀತು, ಆದರೆ ಪತ್ರ ಅಂದಮೇಲೆ ಕೇಳಲೇಬೇಕಲ್ಲ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಕಷ್ಟವೂ ಇರಲಿಲ್ಲ. ಒಂದೇ ಬೆಂಚಿನ ಮೇಲೆ ಇಡೀ ದಿನ ಕೂರುವುದು ನನ್ನಿಂದ ಆಗಲಿಲ್ಲ, ಅಷ್ಟೇ. ಆಮೇಲೆ ಸೈಕಲ್ ಅಂಗಡಿ, ಪ್ರಿಂಟಿಂಗ್ ಪ್ರೆಸ್ಸು, ಈಜುಕೊಳದ ಗೇಟು ಎಂದು ಕಂಡಲ್ಲೆಲ್ಲ ಸೇರಿ, ಸೇರಿದಲ್ಲೆಲ್ಲ ಬಿಟ್ಟೆ. ಕಡೆಗೆ ಅಕ್ಕ ರೋಸಿಹೋಗಿ, "ನನ್ನ ಕಣ್ಣೆದುರಿಗೇ ಇರು, ಆಗಲಾದ್ರೂ ಉದ್ಧಾರ ಆಗ್ತೀಯೇನೋ ನೋಡೋಣ" ಎಂದು ತಾನು ಕೆಲಸ ಮಾಡುವ ವಿಮಾನ ಕಂಪನಿಯ ರಿಪೇರಿ ಶೆಡ್ಡಿಗೆ ನನ್ನನ್ನೂ ಸೇರಿಸಿದಳು. ಅಕ್ಕ ಅಲ್ಲಿ ಮೆಕ್ಯಾನಿಕ್. ಬರೀ ಮೆಕ್ಯಾನಿಕ್ ಅಲ್ಲ, ಈ ವಿಮಾನ ಹಾರಬಹುದು ಎಂದು ಸಹಿ ಹಾಕುವ ಅಧಿಕಾರ ಇರುವವಳು. ಅವಳ ಸಹಿ ಬೀಳುವವರೆಗೆ ಪೈಲಟ್ಟೂ ಕಾಯಬೇಕು, ಪ್ರಯಾಣಿಕರ ಸೂಟ್‌ಕೇಸೂ ಕಾಯಬೇಕು. ನಾನು ಅದೇ ಶೆಡ್ಡಿನ ಟೂಲ್ ರೂಮಿನಲ್ಲಿ ಪಾನಾ, ಸ್ಕ್ರೂಡ್ರೈವರ್, ಟಾರ್ಚು ಕೊಟ್ಟು ವಾಪಸು ಪಡೆಯುವವನು. ಈ ಕೆಲಸವನ್ನು ಮಾತ್ರ ನಾನು ಬಿಟ್ಟಿಲ್ಲ. ಇಲ್ಲಿ ಕೂರಲು ಕುರ್ಚಿ ಇಲ್ಲದಿರುವುದೂ ಒಂದು ಕಾರಣವಿರಬಹುದು.

ತಮ್ಮ ಹಿಂದಿನ ಪಟ್ಟಿಯಲ್ಲಿ ನಮ್ಮ ಕಂಪನಿ ಮೂರನೆಯ ಸ್ಥಾನದಲ್ಲಿತ್ತು. ಈ ಸಲದ ಪಟ್ಟಿಯಲ್ಲಿ ಹನ್ನೊಂದಕ್ಕೆ ಇಳಿದಿದೆ. ಎರಡು ಪಟ್ಟಿಗಳ ನಡುವೆ ನಮ್ಮ ವಿಮಾನ ಒಂದೂ ಬಿದ್ದಿಲ್ಲ, ಜಾರಿಲ್ಲ, ಒಬ್ಬ ಪ್ರಯಾಣಿಕನ ಹಣೆಗೂ ಬುಗುಟು ಎದ್ದಿಲ್ಲ. ಬಿದ್ದವರು ನಾವು ಮಾತ್ರ, ಅದೂ ತಮ್ಮ ಪಟ್ಟಿಯೊಳಗೆ. ಕಾರಣ ಕೇಳಿದ್ದಕ್ಕೆ, 'ವರದಿಯಾದ ಘಟನೆಗಳು' ಎಂಬ ಕಾಲಂನಲ್ಲಿ ನಮ್ಮ ಕಂಪನಿಗೆ ಅಂಕ ಕಡಿತವಾಗಿದೆ ಎಂದು ಕೃಪೆಮಾಡಿ ತಿಳಿಸಿದ್ದೀರಿ. ಆ ವರದಿಗಳಿಗೆಲ್ಲ ಸಹಿ ಹಾಕಿದವಳು ನನ್ನ ಅಕ್ಕ. ಮುಂದಿನ ಪಟ್ಟಿಯಲ್ಲಿ ಇನ್ನೂ ಕೆಳಗಿಳಿದರೆ ಅವಳನ್ನು ವಿಮಾನದ ಹತ್ತಿರದಿಂದ ತೆಗೆದು ಬಿಡಿಭಾಗಗಳ ಗೋದಾಮಿಗೆ ಹಾಕುವುದಾಗಿ ನಮ್ಮ ಮ್ಯಾನೇಜರು ಹೇಳಿದ್ದಾರೆ. ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿವೆ, ಪೆಟ್ಟಿಗೆಗಳು ಹಾರುವುದಿಲ್ಲ, ಆದ್ದರಿಂದ ಅಲ್ಲಿ ಘಟನೆಗಳೂ ನಡೆಯುವುದಿಲ್ಲ. ನಾನು ಜನ್ಮದಲ್ಲಿ ಮೊದಲ ಸಲ ಇಷ್ಟುದ್ದದ ಪತ್ರ ಬರೆಯಲು ಕೂತಿರುವುದು ಇದಕ್ಕಾಗಿ.

ನಮ್ಮ ಅಂಕ ಕಳೆದ ಘಟನೆ ತಮಗೆ ಅರ್ಥವಾಗಬೇಕಾದರೆ ನಮ್ಮ ಹಲಗೆಯ ಬಗ್ಗೆ ಹೇಳಬೇಕು. ಟೂಲ್ ರೂಮಿನ ಒಂದು ಗೋಡೆಯ ತುಂಬ ಹಳದಿ ಹಲಗೆಯಿದೆ. ಪ್ರತಿ ಸಾಮಾನಿಗೂ ಒಂದು ಕೊಕ್ಕೆ, ಕೊಕ್ಕೆಯ ಹಿಂದೆ ಆ ಸಾಮಾನಿನದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬಳಿದಿದ್ದೇವೆ. ಸಾಮಾನು ತೂಗುತ್ತಿದ್ದರೆ ಕಪ್ಪು ಕಾಣುವುದಿಲ್ಲ, ತೆಗೆದರೆ ಅದರ ನೆರಳು ಮಾತ್ರ ಉಳಿಯುತ್ತದೆ. ತೆಗೆದುಕೊಂಡು ಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಆ ಕೊಕ್ಕೆಗೆ ಸಿಕ್ಕಿಸಿ ಹೋಗಬೇಕು. ಯಾವ ಸಾಮಾನು ಯಾರ ಕೈಯಲ್ಲಿದೆ ಎಂದು ಆಗ ನೋಡಿದೊಡನೆ ಗೊತ್ತಾಗುತ್ತದೆ. ಕೆಲಸ ಮುಗಿದಾಗ ಯಾವುದಾದರೂ ಕೊಕ್ಕೆಯಲ್ಲಿ ಸಾಮಾನೂ ಇಲ್ಲ ಬಿಲ್ಲೆಯೂ ಇಲ್ಲ ಎಂದಾದರೆ ಬಾಗಿಲ ಪಕ್ಕದಲ್ಲಿರುವ ಗಂಟೆಯ ಹಗ್ಗ ಎಳೆಯಬೇಕು. ಗಂಟೆ ಬಡಿದರೆ, ಆ ಸಾಮಾನು ಸಿಗುವವರೆಗೆ ಶೆಡ್ಡಿನಿಂದ ಯಾವ ವಿಮಾನವೂ ಕದಲುವಂತಿಲ್ಲ, ಏಕೆಂದರೆ ಮರೆತು ಬಿಟ್ಟ ಒಂದು ಪಾನಾ ಚಕ್ರ ಮಡಚುವ ಜಾಗದಲ್ಲಿ ಕುಳಿತು ಆಕಾಶದಲ್ಲಿ ಏನು ಮಾಡೀತು ಎಂದು ಯೋಚಿಸಲು ಹೈಸ್ಕೂಲು ಪೂರೈಸಿರಬೇಕಾಗಿಲ್ಲ. ಸಿಕ್ಕ ಮೇಲೆ ಅಕ್ಕ ವರದಿ ಬರೆಯುತ್ತಾಳೆ: ಏನು ಕಳೆದಿತ್ತು, ಎಲ್ಲಿ ಸಿಕ್ಕಿತು, ಮತ್ತೆ ಹೀಗಾಗದಂತೆ ಏನು ಮಾಡಬೇಕು. ನಮ್ಮ ಶೆಡ್ಡಿನಲ್ಲಿ ಇದು ಯಾರನ್ನೂ ಬೈಯಲು ಇರುವ ಏರ್ಪಾಡಲ್ಲ. ಗಂಟೆ ಬಾರಿಸಿದವನಿಗೆ ಆ ದಿನದ ಮೊದಲ ಕಪ್ ಚಹಾ, ಅಷ್ಟೇ.

ಈಗ ನಮ್ಮನ್ನು ಕೆಳಗೆ ತಳ್ಳಿದ ಮಹಾಘಟನೆಗೆ ಬರುತ್ತೇನೆ. ಒಂದು ದಿನ ಬೆಳಿಗ್ಗೆ ವಿಮಾನ ಸಜ್ಜಾಗಿ ನಿಂತಿದೆ, ಅಕ್ಕ ಪೆನ್ನಿನ ಮುಚ್ಚಳ ತೆಗೆದಿದ್ದಾಳೆ, ನಾನು ಹಲಗೆ ನೋಡಿದರೆ ಒಂದು ಸ್ಕ್ರೂಡ್ರೈವರಿನ ಕೊಕ್ಕೆ ಖಾಲಿ. ಹಗ್ಗ ಎಳೆದೆ. ಇಡೀ ಶೆಡ್ಡು ಹುಡುಕಿತು. ಸೀಟು ಎತ್ತಿ ನೋಡಿದರು, ರೆಕ್ಕೆಯ ಮುಚ್ಚಳಗಳನ್ನೆಲ್ಲ ಬಿಚ್ಚಿದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಮೂಗಿನ ಕೆಳಗೆ ಪೊರಕೆಯಷ್ಟು ದಪ್ಪ ಮೀಸೆ ಇರುವುದರಿಂದ ಎಲ್ಲರೂ ಮೀಸೆ ಮಾವ ಎನ್ನುತ್ತೇವೆ, ಅವರು ಕಸದ ಡಬ್ಬವನ್ನೇ ನೆಲಕ್ಕೆ ಸುರಿದು ಕೂತರು. ಅತ್ತ ಕಾಯುವ ಕೋಣೆಯಲ್ಲಿ ಪ್ರಯಾಣಿಕರು ನಮ್ಮ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಕಡೆಗೆ ಸ್ಕ್ರೂಡ್ರೈವರ್ ಸಿಕ್ಕಿದ್ದು ಮ್ಯಾನೇಜರ ಕೋಣೆಯ ಬೀರುವಿನ ಮೇಲೆ. ಬೀರುವಿನ ಮೇಲ್ಗಡೆ ಗೋಡೆಯಲ್ಲಿ, ಚಿನ್ನದ ಬಣ್ಣದ ಕಟ್ಟು ಹಾಕಿಸಿಕೊಂಡು, ಸುರಕ್ಷತೆಯಲ್ಲಿ ಮೂರನೆಯ ಸ್ಥಾನ ಎಂಬ ತಮ್ಮದೇ ಪ್ರಮಾಣಪತ್ರ ಹೊಳೆಯುತ್ತಿತ್ತು. ಅದನ್ನು ತೂಗುಹಾಕುವ ತಿರುಪು ಮೊಳೆ ಬಿಗಿಮಾಡಲು ಮ್ಯಾನೇಜರು ಯಾರೂ ಇಲ್ಲದಾಗ ಬಂದು ಸ್ಕ್ರೂಡ್ರೈವರ್ ಒಯ್ದಿದ್ದರು. "ಅಯ್ಯೋ ಇದಾ? ನಾನೇ ತಗೊಂಡೆ ಕಣಯ್ಯ. ವಿಮಾನದ ಕೆಲಸಕ್ಕಲ್ವಲ್ಲ, ಬಿಲ್ಲೆ ಯಾಕೆ ಅಂತ ಸುಮ್ನಾದೆ" ಎಂದರು. ಅಕ್ಕ ವರದಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದಳು. "ಇದನ್ನೂ ಬರೀಬೇಕೇನಮ್ಮಾ?" ಎಂದು ಅವರು ಕೇಳಿದ್ದಕ್ಕೆ, "ಬರೀದೇ ಬಿಟ್ರೆ ಮುಂದಿನ ಸಲ ನೀವು ಸುತ್ತಿಗೆ ತಗೊಂಡ್ಹೋಗ್ತೀರಾ ಸಾರ್" ಎಂದಳು. ಹೀಗೆ, ತಾವು ಕೊಟ್ಟ ಪ್ರಮಾಣಪತ್ರವನ್ನು ಗೋಡೆಗೆ ಏರಿಸಿದ ಅಪರಾಧಕ್ಕಾಗಿ ತಾವೇ ನಮ್ಮ ಅಂಕ ಕಳೆದು ಮೂರರಿಂದ ಹನ್ನೊಂದಕ್ಕೆ ಇಳಿಸಿದಿರಿ. ನಡುವಿನ ಎಂಟು ಕಂಪನಿಗಳಿಗೂ ನಮಗೂ ಇರುವ ಅಂತರ ಕೂದಲೆಳೆಯಷ್ಟು ಎಂದು ತಮ್ಮ ಪಟ್ಟಿಯಲ್ಲೇ ಇದೆ. ಆದರೆ ಕೂದಲೆಳೆಯ ಮೇಲೆ ಎಂಟು ಮೆಟ್ಟಿಲು ಕಟ್ಟುವ ಕುಶಲಕಲೆ ಯಾರಿಗೆ ತಾನೆ ಬರುತ್ತದೆ, ತಮ್ಮನ್ನು ಬಿಟ್ಟು?

ಮಾನ್ಯರೇ, ತಮ್ಮ ವಿಧಾನವನ್ನು ನಾನು ದೂರುತ್ತಿಲ್ಲ, ಅದರ ಘನತೆ ಈಗೀಗ ಅರ್ಥವಾಗುತ್ತಿದೆ ಎಂದು ಹೇಳುತ್ತಿದ್ದೇನೆ. ನನ್ನ ಭಾವನ ವಿಷಯವನ್ನೇ ತೆಗೆದುಕೊಳ್ಳಿ. ಅಕ್ಕನ ಗಂಡ ಮದುವೆಯಾದಂದಿನಿಂದ ಇಂದಿನವರೆಗೆ ಒಂದು ಗಾಜಿನ ಲೋಟ ಒಡೆದಿಲ್ಲ, ಒಂದು ತಟ್ಟೆಯ ಅಂಚು ಮುಕ್ಕು ಮಾಡಿಲ್ಲ. ನಾನೂ ಅಕ್ಕನೂ ಒಡೆದಿದ್ದೇವೆ. ಇಷ್ಟು ದಿನ ನಾವು ತಪ್ಪಾಗಿ, ಪಾತ್ರೆ ತೊಳೆಯುವವರು ನಾವು, ಭಾವ ಸಿಂಕಿನ ಕಡೆ ತಲೆ ಹಾಕಿಯೂ ಮಲಗಿದವರಲ್ಲ, ಅದಕ್ಕೇ ಹೀಗೆ ಎಂದುಕೊಂಡಿದ್ದೆವು. ತಮ್ಮ ಪಟ್ಟಿ ನೋಡಿದ ಮೇಲೆ ಗೊತ್ತಾಯಿತು, ನಮ್ಮ ಮನೆಯಲ್ಲಿ ಅತ್ಯಂತ ಸುರಕ್ಷಿತವಾಗಿ ಪಾತ್ರೆ ತೊಳೆಯುವವರು ಭಾವನೇ. ಈ ಮಾತನ್ನು ಊಟಕ್ಕೆ ಕೂತಾಗ ಹೇಳಿದೆ. ಭಾವ ಬಹಳ ಸಂತೋಷಪಟ್ಟು, "ಹಾಗಾದ್ರೆ ಆ ದಾಖಲೆ ಕೆಡಿಸ್ಕೊಳೋದು ಬೇಡ" ಎಂದು ಕೈ ತೊಳೆದು ಟಿವಿ ಮುಂದೆ ಹೋದರು. ಶಾಲೆಯಲ್ಲೂ ಹೀಗೇ ಇತ್ತು. ಯಾರು ಮಾತಾಡಿದ್ದು ಎಂದು ಮೇಷ್ಟ್ರು ಕೇಳಿದಾಗ ಕೈ ಎತ್ತಿದವರಿಗೆ ನಡತೆಯ ಅಂಕ ಹೋಗುತ್ತಿತ್ತು, ಕೈ ಎತ್ತದೆ ಮಾತಾಡಿದವರಿಗೆ ವರ್ಷದ ಕೊನೆಗೆ ಪೆನ್ನು ಸಿಗುತ್ತಿತ್ತು. ಆ ಮೇಷ್ಟ್ರು ಈಗ ತಮ್ಮ ಸಮಿತಿಯಲ್ಲಿದ್ದರೆ ನನ್ನ ನಮಸ್ಕಾರ ತಿಳಿಸಬೇಕು.

ತಮ್ಮ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಲ್ಲಿರುವ ಕಂಪನಿಯ ಟೂಲ್ ರೂಮಿಗೆ ಒಮ್ಮೆ ಏನೋ ಎರವಲು ತರಲು ಹೋಗಿದ್ದೆ. ಅಲ್ಲಿ ಹಲಗೆ ಇಲ್ಲ, ಕೊಕ್ಕೆ ಇಲ್ಲ, ನೆರಳಂತೂ ಇಲ್ಲವೇ ಇಲ್ಲ. ಒಂದು ದೊಡ್ಡ ಡ್ರಾಯರು ಇತ್ತು, ಎಲ್ಲವೂ ಅದರೊಳಗೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. "ಏನಾದ್ರೂ ಕಾಣೆಯಾದ್ರೆ ಹೇಗೆ ಗೊತ್ತಾಗುತ್ತೆ ಅಣ್ಣಾ?" ಎಂದು ಅಲ್ಲಿದ್ದವರನ್ನು ಕೇಳಿದೆ. "ನಮ್ಮಲ್ಲಿ ಕಾಣೆಯಾಗೋದೇ ಇಲ್ಲ ಮಾರಾಯ" ಎಂದರು. ನಾನು ನೋಡಿದ್ದು ಒಂದು ಕೋಣೆಯ ಒಂದು ಡ್ರಾಯರು ಮಾತ್ರ. ಅವರ ಪೈಲಟ್ಟುಗಳ ತರಬೇತಿ ಎಷ್ಟು ಚೆನ್ನಾಗಿದೆಯೋ, ಎಂಜಿನ್ನು ಎಷ್ಟು ಹೊಸದೋ, ಅವರೂ ಬೇರೆ ಕಡೆ ಎಷ್ಟು ಕಣ್ಣಿಟ್ಟು ಕೆಲಸ ಮಾಡುತ್ತಾರೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ. ಬಿದ್ದ ವಿಮಾನಗಳನ್ನು ತಾವು ಎಣಿಸುವುದು ಸರಿ, ಹಳೆಯ ವಿಮಾನಗಳ ವಯಸ್ಸು ಕೇಳುವುದೂ ಸರಿ. ಆದರೆ ಇನ್ನುಳಿದ ಪ್ರಶ್ನೆಗಳನ್ನು ಕಂಪನಿಗಳಿಗೇ ಕಳುಹಿಸಿ, 'ತಾವು ಸುರಕ್ಷಿತವೇ? ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ' ಎಂದು ಕೇಳಿ, ಬಂದ ಉತ್ತರವನ್ನು ತಾವು ಕಣ್ಣಿಗೊತ್ತಿಕೊಳ್ಳುವ ವಿಶ್ವಾಸ ನೋಡಿದರೆ ಮನಸ್ಸು ತುಂಬಿ ಬರುತ್ತದೆ. ನನಗೂ ಶಾಲೆಯಲ್ಲಿ ಹಾಗೆ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಇಂದು ತಮ್ಮ ಪಕ್ಕದ ಕುರ್ಚಿಯಲ್ಲಿರುತ್ತಿದ್ದೆ. ಇನ್ನು ಮೊನ್ನೆ ಮೊನ್ನೆ ಶುರುವಾದ ಕಂಪನಿಯೊಂದಕ್ಕೆ ಒಂದೂ ಅವಘಡವಿಲ್ಲವೆಂದು ತಾವು ಆರನೆಯ ಸ್ಥಾನ ಕೊಟ್ಟಿದ್ದೀರಿ. ಅವರ ವಿಮಾನ ಒಂದೇ, ಅದರ ಸೀಟುಗಳ ಪ್ಲಾಸ್ಟಿಕ್ ಕವರೇ ಇನ್ನೂ ತೆಗೆದಿಲ್ಲ. ಈ ಲೆಕ್ಕದಲ್ಲಿ ವಿಮಾನವೇ ಇಲ್ಲದ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರಿಗೆ ಪ್ರಥಮ ಸ್ಥಾನ ಸಲ್ಲಬೇಕಿತ್ತು.

ಇಷ್ಟರವರೆಗೆ ನಾನು ನಗುತ್ತಲೇ ಇದ್ದೆ. ತಮ್ಮ ಪಟ್ಟಿ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಬಂದು ಅಂಟಿಕೊಂಡಾಗ ನಗು ನಿಂತಿತು. ಅಮ್ಮ ಚಿಕ್ಕಮ್ಮನ ಊರಿಗೆ ಹೋಗಬೇಕಿತ್ತು, ವಿಮಾನ ಹತ್ತುವುದು ಅವಳಿಗೆ ಇದೇ ಮೊದಲು. ಪತ್ರಿಕೆಯಲ್ಲಿ ಬಂದ ತಮ್ಮ ಪಟ್ಟಿಯನ್ನು ನೀಟಾಗಿ ಕತ್ತರಿಸಿ ಅಂಟಿಸಿ, ಮೊದಲನೆಯ ಹೆಸರಿನ ಕೆಳಗೆ ಗೆರೆ ಎಳೆದು, "ನಂಗೆ ಇದ್ರಲ್ಲೇ ಟಿಕೆಟ್ ಮಾಡ್ಸಿ" ಎಂದಳು. ಅಕ್ಕ ಸಿಂಕಿನ ಹತ್ತಿರ ನಿಂತಿದ್ದಳು. "ಅಮ್ಮ, ನಮ್ಮ ಕಂಪನಿ ವಿಮಾನಾನೂ ಅದೇ ಊರಿಗೆ ಹೋಗುತ್ತೆ. ಅದಕ್ಕೆ ಸಹಿ ಹಾಕೋದು ನಾನು" ಎಂದಳು. ಅಮ್ಮ, "ನೀನು ಜಾಣೆ ಕಣೇ, ನಾನೇನು ಇಲ್ಲ ಅಂದ್ನಾ? ಆದ್ರೂ ಹನ್ನೊಂದನೇದ್ರಲ್ಲಿ ಯಾಕೆ ಹೋಗ್ಬೇಕು, ಒಂದನೇದು ಇರೋವಾಗ? ಓದ್ಕೊಂಡೋರು ಕೂತು ಲೆಕ್ಕ ಹಾಕಿರ್ತಾರೆ" ಎಂದಳು. ಅಕ್ಕ ತೊಳೆದಿಟ್ಟಿದ್ದ ಪಾತ್ರೆಯನ್ನೇ ತೆಗೆದು ಮತ್ತೊಮ್ಮೆ ತೊಳೆಯತೊಡಗಿದಳು. ಊರಿನ ಮಂದಿಯೆಲ್ಲ ಅವಳ ಸಹಿ ನಂಬಿ ಆಕಾಶಕ್ಕೆ ಏರುತ್ತಾರೆ, ಹೆತ್ತ ತಾಯಿ ಮಾತ್ರ ಏರುವುದಿಲ್ಲ. ಆ ಕಡಿತಕ್ಕೆ ತಮ್ಮಲ್ಲಿ ಯಾವ ಕಾಲಂ ಇದೆ ಎಂದು ಹುಡುಕಿದೆ, ಸಿಗಲಿಲ್ಲ.

ಅಮ್ಮನ ಟಿಕೆಟ್ ಬಂತು. ಅದರ ಮೇಲೆ ಒಂದನೆಯ ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಈ ವಿಮಾನವನ್ನು ಹಾರಿಸುವವರು ಇಂಥವರು ಎಂದಿತ್ತು. ಆ ಇಂಥವರು ನಾವೇ. ಒಂದನೆಯ ಕಂಪನಿಗೆ ಆ ಊರಿಗೆ ವಿಮಾನವಿಲ್ಲ, ಅವರು ನಮ್ಮ ವಿಮಾನದಲ್ಲಿ ಒಂದಷ್ಟು ಸೀಟು ಕೇಳಿ ತಮ್ಮ ಹೆಸರಿನಲ್ಲಿ ಮಾರುತ್ತಾರೆ. ವಿಮಾನ ನಮ್ಮದು, ಪೈಲಟ್ಟು ನಮ್ಮವರು, ಸಹಿ ಅಕ್ಕನದು. ಅಂದರೆ ಒಂದೇ ಸಾಲಿನಲ್ಲಿ ಕಿಟಕಿ ಪಕ್ಕ ಕೂತವರು ಸುರಕ್ಷತೆಯಲ್ಲಿ ಒಂದನೆಯ ಸ್ಥಾನದಲ್ಲಿಯೂ, ಅವರ ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಡುವೆ ಕೂತವರು ಹನ್ನೊಂದನೆಯ ಸ್ಥಾನದಲ್ಲಿಯೂ ಹಾರುತ್ತಾರೆ. ಈ ಅದ್ಭುತವನ್ನು ಸೃಷ್ಟಿಸಿದ ತಮಗೆ ಎಷ್ಟು ಕೈ ಮುಗಿದರೂ ಸಾಲದು. ಗಾಳಿಯಲ್ಲಿ ಏನಾದರೂ ಕುಲುಕಾಟವಾದರೆ ನಡುವಿನ ಸೀಟು ಮಾತ್ರ ಕುಲುಕುವಂತೆ ಏರ್ಪಾಡು ಮಾಡಬೇಕೆಂದು ಪ್ರಾರ್ಥನೆ. ನಾನು ಆ ಸಣ್ಣ ಅಕ್ಷರವನ್ನು ಅಕ್ಕನಿಗೆ ತೋರಿಸಿದೆ, ಅಮ್ಮನಿಗೂ ಹೇಳಲು ಹೊರಟೆ. ಅಕ್ಕ ತಡೆದು, "ಹೇಳಬೇಡ್ವೋ. ಹೆದರ್ಕೊಂಡು ಟಿಕೆಟ್ ಹರಿದುಹಾಕ್ತಾಳೆ. ಕೇಳಿದ್ರೆ ಹೇಳು, ಕೇಳ್ದೆ ಇದ್ರೆ ಸುಮ್ನಿರು" ಎಂದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ. ಅಮ್ಮ ಹೊರಡುವವರೆಗೆ ನಾನು ಮನೆಯಲ್ಲಿ ಇದ್ದದ್ದೇ ಕಡಿಮೆ.

ಅಷ್ಟರಲ್ಲಿ ಮ್ಯಾನೇಜರು ಟೂಲ್ ರೂಮಿಗೆ ಒಂದು ಡಬ್ಬ ಹಳದಿ ಬಣ್ಣ ಕಳಿಸಿ, "ಆ ಕರೀ ಆಕಾರಗಳ್ನೆಲ್ಲ ಮುಚ್ಚಿ ಒಂದು ಕೋಟ್ ಹೊಡೆದುಬಿಡು, ನೋಡೋಕೂ ಲಕ್ಷಣವಾಗಿರುತ್ತೆ" ಎಂದರು. ಬ್ರಷ್ಷು ಸಿಗಲಿಲ್ಲ ಎನ್ನಬಹುದಿತ್ತು, ಆದರೆ ಬ್ರಷ್ಷು ನನ್ನ ಕೈಯಲ್ಲೇ ಇತ್ತು. "ಹೊಡೆಯಲ್ಲ ಸಾರ್" ಎಂದೆ. ಅವರು ಕೆಟ್ಟವರಲ್ಲ, ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅವರ ತಲೆಯ ಮೇಲೂ ಒಬ್ಬ ಸಾಹೇಬರಿದ್ದಾರೆ, ಆ ಸಾಹೇಬರ ಮೇಜಿನ ಗಾಜಿನ ಕೆಳಗೆ ತಮ್ಮ ಪಟ್ಟಿ ಇದೆ. "ನಿನ್ನ ಕಟ್ಕೊಂಡು ನಾನು ಏಗಬೇಕಲ್ಲಪ್ಪ" ಎಂದು ಹಣೆ ಒತ್ತಿಕೊಂಡು ಹೋದರು.

ಅಮ್ಮ ಹೊರಡುವ ದಿನ ಬಂತು. ವಿಮಾನ ತೊಳೆದ ಹಸುವಿನಂತೆ ಬಾಗಿಲಲ್ಲಿ ನಿಂತಿತ್ತು. ಹಲಗೆ ನೋಡಿದೆ. ಕನ್ನಡಿಯ ಕೊಕ್ಕೆ ಖಾಲಿ. ಇದು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ಹಲ್ಲಿನ ಡಾಕ್ಟರ ಹತ್ತಿರ ಇರುತ್ತದಲ್ಲ, ಕಡ್ಡಿಯ ತುದಿಗೆ ಪುಟ್ಟ ದುಂಡು ಕನ್ನಡಿ, ಅಂಥದು. ವಿಮಾನದ ಸಂದಿಗೊಂದಿಯಲ್ಲಿ ತೂರಿಸಿ ನೋಡಲು. ಸಾಮಾನೂ ಇಲ್ಲ, ಬಿಲ್ಲೆಯೂ ಇಲ್ಲ. ಮ್ಯಾನೇಜರು ಅಲ್ಲೇ ಇದ್ದರು. ಅವರೂ ನೋಡಿದರು. "ಕನ್ನಡಿ ತಾನೆ? ಎಲ್ಲೋ ಇಲ್ಲೇ ಬಿದ್ದಿರುತ್ತೆ, ವಿಮಾನ ಹೋದ್ಮೇಲೆ ಹುಡುಕಿದ್ರಾಯ್ತು. ಒಂದನೇ ಕಂಪನಿಯೋರ ಪ್ರಯಾಣಿಕರಿದ್ದಾರೆ ಕಣಯ್ಯ ಇದ್ರಲ್ಲಿ" ಎಂದರು. "ನಮ್ಮಮ್ಮನೂ ಇದ್ದಾಳೆ ಸಾರ್" ಎಂದೆ. ಅವರು ಅಕ್ಕನ ಕಡೆ ತಿರುಗಿ, "ನೀನೇ ಬುದ್ಧಿ ಹೇಳಮ್ಮ ನಿನ್ನ ತಮ್ಮನಿಗೆ. ಗೋದಾಮಿನ ಮಾತು ನೆನಪಿದೆ ತಾನೆ?" ಎಂದರು. ಅಕ್ಕ ಕೈಯಲ್ಲಿದ್ದ ಬಟ್ಟೆಗೆ ಒಂದೊಂದೇ ಬೆರಳು ಒರೆಸಿಕೊಂಡಳು. ನಾನು ಅವಳ ಮುಖ ನೋಡುತ್ತಿದ್ದೆ. ಆಗ ಅವಳು ಬೈದಳು: "ಏನ್ ನನ್ನ ಮುಖ ನೋಡ್ತಾ ನಿಂತಿದ್ದೀಯೋ? ಹಗ್ಗ ಇರೋದು ಯಾತಕ್ಕೆ?"

ಗಂಟೆ ಬಡಿದೆ. ಆ ದಿನ ಸ್ವಲ್ಪ ಜೋರಾಗಿಯೇ ಬಡಿದೆ ಎಂದು ಆಮೇಲೆ ಹೇಳಿದರು.

ಎಲ್ಲರೂ ಹುಡುಕುತ್ತಿರುವಾಗ ಕಾಯುವ ಕೋಣೆಯಿಂದ ಅಮ್ಮನ ಫೋನು. "ಎಷ್ಟೊತ್ತಿಗೆ ಹೊರಡುತ್ತೋ ಇದು? ಇಲ್ಲಿ ಎಲ್ಲರೂ ಮಾತಾಡ್ಕೋತಿದ್ದಾರೆ, ರಿಪೇರಿ ಶೆಡ್ಡಲ್ಲಿ ಯಾವನೋ ತಲೆಕೆಟ್ಟೋನು ಗಂಟೆ ಹೊಡೆದು ನಿಲ್ಸಿದ್ದಾನಂತೆ" ಎಂದಳು. "ಆ ತಲೆಕೆಟ್ಟೋನು ನಾನೇ ಅಮ್ಮ" ಎಂದೆ. "ನೀನಾ? ಹಾಗಾದ್ರೆ ಈ ವಿಮಾನ..." "ನಮ್ದೇ. ಟಿಕೆಟ್ಟಲ್ಲಿ ಸಣ್ಣ ಅಕ್ಷರದಲ್ಲಿ ಇದೆ ನೋಡು. ಅಕ್ಕ ಚಕ್ರದ ಗೂಡಿನೊಳಗೆ ತಲೆ ಹಾಕ್ಕೊಂಡು ಹುಡುಕ್ತಿದ್ದಾಳೆ." ಅಮ್ಮ ಟಿಕೆಟ್ ತೆಗೆದಳೆಂದು ಕಾಣುತ್ತದೆ, ಕಾಗದದ ಸದ್ದು ಕೇಳಿತು. ಬೈಯುತ್ತಾಳೆಂದು ಫೋನನ್ನು ಕಿವಿಯಿಂದ ದೂರ ಹಿಡಿದೆ. ಅವಳು ಕೇಳಿದ್ದು, "ಅವಳು ಬೆಳಿಗ್ಗೆ ಏನಾದ್ರೂ ತಿಂದ್ಳಾ?" ಎಂದು. ಇಲ್ಲವೆಂದೆ. "ಸರಿ, ಹುಡುಕಲಿ. ಅವಸರ ಮಾಡ್ಬೇಡ ಅಂತ ಹೇಳು. ನಾನೆಲ್ಲಿ ಓಡಿ ಹೋಗ್ತೀನಿ?" ಎಂದು ಇಟ್ಟಳು. ಆಮೇಲೆ ಕೌಂಟರಿನ ಮುಂದೆ ಕೂಗಾಡುತ್ತಿದ್ದ ಕೋಟು ತೊಟ್ಟ ಮನುಷ್ಯರೊಬ್ಬರಿಗೆ ಅಮ್ಮ, "ಸ್ವಲ್ಪ ಕೂತ್ಕೊಳಪ್ಪ. ನನ್ನ ಮಗಳು ನೋಡ್ತಿದ್ದಾಳೆ, ಮುಗಿಸ್ದೆ ಬಿಡಲ್ಲ ಅವಳು" ಎಂದಳಂತೆ. ಅವರು ಕೂತರಂತೆ. ಇದನ್ನು ಅಮ್ಮನೇ ಹೇಳಿದ್ದು, ಆದ್ದರಿಂದ ಕೂಗಾಟದ ಪ್ರಮಾಣ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಕನ್ನಡಿ ಎಲ್ಲಿ ಸಿಕ್ಕಿತು ಎಂಬುದನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ. ವಿಮಾನದಲ್ಲಿ ಸಿಗಲಿಲ್ಲ. ಶೆಡ್ಡಿನ ಬಚ್ಚಲುಮನೆಯ ಕಿಟಕಿಯ ಮೇಲೆ, ಒಂದು ಪುಟ್ಟ ಕತ್ತರಿಯ ಪಕ್ಕದಲ್ಲಿ ಸಿಕ್ಕಿತು. ಮೀಸೆ ಮಾವ ಬಿಡುವಿನಲ್ಲಿ ಮೀಸೆಯ ಅಡಿಭಾಗ ಕತ್ತರಿಸಿಕೊಳ್ಳಲು ಒಯ್ದಿದ್ದರು. ಗಂಟೆ ಬಡಿದಾಗ ಎಲ್ಲರಿಗಿಂತ ಮುಂಚೆ ಓಡಿಬಂದು, ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿ ಹುಡುಕಿದವರೂ ಅವರೇ. ನೆನಪಾದಾಗ ಅವರ ಮುಖ ನೋಡಬೇಕಿತ್ತು. ಮೀಸೆಯ ಒಂದು ಕಡೆ ಮಾತ್ರ ಸಮನಾಗಿತ್ತು. "ಮೀಸೆ ಕೆಲ್ಸ ವಿಮಾನದ ಕೆಲ್ಸ ಅಲ್ವಲ್ಲಪ್ಪ, ಬಿಲ್ಲೆ ಯಾಕೆ ಅಂತ..." ಎಂದು ಶುರುಮಾಡಿ, ಮ್ಯಾನೇಜರು ಅಲ್ಲೇ ನಿಂತಿರುವುದು ಕಂಡು ಅಲ್ಲಿಗೇ ನಿಲ್ಲಿಸಿದರು. ಮ್ಯಾನೇಜರು ಬೇರೆಲ್ಲೋ ನೋಡಿದರು. ಹಾಗಾಗಿ, ನಾನು ಹಗ್ಗ ಎಳೆಯದಿದ್ದರೂ ಆ ದಿನ ಏನೂ ಆಗುತ್ತಿರಲಿಲ್ಲ. ಅಮ್ಮ ಸರಿಯಾದ ಸಮಯಕ್ಕೆ ಹೊರಟು, ಸರಿಯಾದ ಸಮಯಕ್ಕೆ ಇಳಿಯುತ್ತಿದ್ದಳು, ನಮ್ಮ 'ವರದಿಯಾದ ಘಟನೆಗಳು' ಕಾಲಂ ಹಾಲಿನಂತೆ ಬೆಳ್ಳಗಿರುತ್ತಿತ್ತು. ಇದನ್ನು ನಾನು ಎಷ್ಟು ಯೋಚಿಸಿದರೂ ಒಂದೇ ಕಡೆಗೆ ಬಂದು ನಿಲ್ಲುತ್ತೇನೆ: ಬಚ್ಚಲುಮನೆಯಲ್ಲಿದೆ ಎಂದು ಗೊತ್ತಾದದ್ದು ಹುಡುಕಿದ ಮೇಲೆ. ಹುಡುಕುವ ಮುಂಚೆ ಅದು ಬಚ್ಚಲುಮನೆಯಲ್ಲೂ ಇತ್ತು, ಅಮ್ಮನ ಸೀಟಿನ ಕೆಳಗೂ ಇತ್ತು.

ಅಕ್ಕ ಅಂದೇ ವರದಿ ಬರೆದು ಕಳಿಸಿದಳು. ಈಗಾಗಲೇ ತಮ್ಮ ಮೇಜು ತಲುಪಿರಬೇಕು. ಅದರಲ್ಲಿ 'ಮೀಸೆ' ಎಂಬ ಪದ ಬರುತ್ತದೆ, ಟೈಪಿಂಗ್ ತಪ್ಪೆಂದು ತಿಳಿಯಬಾರದು. ಮುಂದಿನ ಪಟ್ಟಿಯಲ್ಲಿ ಇದಕ್ಕಾಗಿ ನಮ್ಮ ಅಂಕ ಕಳೆಯುವ ಹಕ್ಕು ತಮಗಿದೆ. ಒಂದನೆಯ ಕಂಪನಿಯ ಹೆಸರಿನಲ್ಲಿ ಅದೇ ವಿಮಾನದಲ್ಲಿ ಕೂತಿದ್ದವರಿಗೂ ಅದೇ ತಡವಾಯಿತು, ಆದರೆ ಅವರ ಕಾಲಂನಲ್ಲಿ ಏನೂ ಬೀಳುವುದಿಲ್ಲ, ವಿಮಾನ ನಮ್ಮದಲ್ಲವೇ? ಲಾಭಕ್ಕೆ ಟಿಕೆಟ್ಟಿನ ಹೆಸರು, ಲೋಪಕ್ಕೆ ವಿಮಾನದ ಹೆಸರು. ಇಷ್ಟು ನಾಜೂಕಿನ ತಕ್ಕಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಮ್ಮ ವಾಪಸು ಬರುವಾಗ ಆ ಊರಿನ ಟಿಕೆಟ್ ಕೌಂಟರಿನಲ್ಲಿ ನಿಂತು, "ಹನ್ನೊಂದನೇ ನಂಬರಿಂದು ಕೊಡಮ್ಮ" ಎಂದಳಂತೆ. ಅಲ್ಲಿದ್ದ ಹುಡುಗಿ ಹನ್ನೊಂದನೆಯ ಗೇಟೋ, ಹನ್ನೊಂದನೆಯ ಸಾಲೋ ಎಂದು ತಲೆಕೆಡಿಸಿಕೊಂಡಾಗ ಅಮ್ಮ, "ಏನಾದ್ರೂ ಕಾಣೆಯಾದ್ರೆ ಗಂಟೆ ಹೊಡೀತಾರಲ್ಲ, ಆ ಕಂಪನಿ" ಎಂದು ಬಿಡಿಸಿ ಹೇಳಿದಳಂತೆ. ಮನೆಗೆ ಬಂದವಳು ಫ್ರಿಜ್ಜಿನ ಮೇಲಿನ ತಮ್ಮ ಪಟ್ಟಿಯನ್ನು ಕೀಳಲಿಲ್ಲ. ಹನ್ನೊಂದನೆಯ ಹೆಸರಿನ ಕೆಳಗೂ ಒಂದು ಗೆರೆ ಎಳೆದಳು. ಅಕ್ಕ ಅದನ್ನು ನೋಡಿದಳು. ಆ ದಿನ ಪಾತ್ರೆಯನ್ನು ಒಂದೇ ಸಲ ತೊಳೆದಳು. ಒಂದು ಲೋಟವನ್ನೂ ಒಡೆದಳು, ಭಾವನ ಮುನ್ನಡೆ ಇನ್ನಷ್ಟು ಹೆಚ್ಚಿತು.

ಆದ್ದರಿಂದ ಮಾನ್ಯರೇ, ಈ ಕೆಳಗಿನ ಕೋರಿಕೆಗಳನ್ನು ದಯಮಾಡಿ ಪರಾಂಬರಿಸಬೇಕು. ತಮ್ಮ ಪಟ್ಟಿಗೆ 'ವರದಿಯಾಗದ ಘಟನೆಗಳು' ಎಂಬ ಹೊಸ ಕಾಲಂ ಸೇರಿಸಿ, ಅದನ್ನು ಯಾರು ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾರೆ ಎಂಬುದರ ಮೇಲೆ ಅಂಕ ಕೊಡಬೇಕು; ಹೇಗೆ ಎಣಿಸುವುದೆಂದು ನನಗೆ ಗೊತ್ತಿಲ್ಲ, ಆದರೆ ಅರ್ಧ ಕೂದಲೆಳೆಯನ್ನು ಎಣಿಸಿದವರಿಗೆ ಅದೇನು ಮಹಾ? ಒಂದೇ ವಿಮಾನಕ್ಕೆ ಎರಡು ಸ್ಥಾನ ಇರುವಲ್ಲಿ ಸೀಟುಗಳ ನಡುವೆ ಬಣ್ಣದ ಗೆರೆ ಎಳೆಸಬೇಕು, ಮಕ್ಕಳನ್ನು ಒಂದನೆಯ ಸ್ಥಾನದ ಕಡೆಗೆ ಕೂರಿಸಿ ತಾಯಂದಿರು ಹನ್ನೊಂದರಲ್ಲಿ ಕೂರಬಹುದು. ಸುರಕ್ಷತಾ ಪಟ್ಟಿ ಹೊರಡಿಸುವ ಸಮಿತಿಗಳದೇ ಒಂದು ಸುರಕ್ಷತಾ ಪಟ್ಟಿಯನ್ನು ಯಾರಾದರೂ ಹೊರಡಿಸುವಂತೆ ನೋಡಿಕೊಳ್ಳಬೇಕು, ಅದರಲ್ಲಿ ತಾವು ಯಾವ ಸ್ಥಾನದಲ್ಲಿದ್ದೀರಿ ಎಂದು ತಮ್ಮ ತಾಯಂದಿರು ಫ್ರಿಜ್ಜಿಗೆ ಅಂಟಿಸಿಕೊಳ್ಳಬೇಕು. ಇವು ಯಾವುದೂ ಆಗದಿದ್ದರೆ ಒಂದೇ ಒಂದು ಮಾಡಿ. ಅಕ್ಕನ ವರದಿಯನ್ನು ಅಂಕ ಕಳೆಯುವ ಮುಂಚೆ ಒಮ್ಮೆ ಓದಿ. ಪೂರ್ತಿ ಓದಿ. ಓದಿದ ಮೇಲೂ ಕಳೆಯಬೇಕೆನಿಸಿದರೆ ಕಳೆಯಿರಿ. ಅವಳು ಗೋದಾಮಿಗೆ ಹೋಗುತ್ತಾಳೆ, ನಾನು ಯಾವ ಕೊಕ್ಕೆಯ ಎದುರು ಯಾರ ಮುಖ ನೋಡಲಿ ಎಂದು ಯೋಚಿಸುತ್ತಾ ನಿಲ್ಲುತ್ತೇನೆ, ಹಗ್ಗ ಅಲ್ಲೇ ಇರುತ್ತದೆ.

ಕೊನೆಯದಾಗಿ ಒಂದು ಸಮಾಚಾರ. ನಿನ್ನೆ ಮ್ಯಾನೇಜರು ಟೂಲ್ ರೂಮಿಗೆ ಬಂದು, ಜೇಬಿನಿಂದ ಒಂದು ಹೊಸ ಹಿತ್ತಾಳೆ ಬಿಲ್ಲೆ ತೆಗೆದು ಕೊಕ್ಕೆಗೆ ಹಾಕಿ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದರು. ತಮ್ಮ ಹಳೆಯ ಪ್ರಮಾಣಪತ್ರವನ್ನು ಕೆಳಗಿಳಿಸಲು. ಕೆಲಸ ಮುಗಿಸಿ ತಂದುಕೊಟ್ಟು, ಬಿಲ್ಲೆ ವಾಪಸು ತೆಗೆದುಕೊಂಡರು. ಬಣ್ಣದ ಡಬ್ಬವನ್ನೂ ಕೈಯಲ್ಲಿ ಹಿಡಿದುಕೊಂಡು ಹೋದರು. ಅಕ್ಕನ ವಿಷಯ ಕೇಳಿದ್ದಕ್ಕೆ, "ಪಟ್ಟಿ ಬರ್ಲಿ ನೋಡೋಣ" ಎಂದರು, ಅದು ಅವರ ಕೈಯಲ್ಲಿಲ್ಲವೆಂದು ನನಗೂ ಗೊತ್ತು. ಆಮೇಲೆ ಅವರ ಕೋಣೆಗೆ ಹೋಗಿ ನೋಡಿದೆ. ಪ್ರಮಾಣಪತ್ರ ಇದ್ದ ಜಾಗದಲ್ಲಿ ಗೋಡೆಗೆ ಧೂಳು ಕೂತಿಲ್ಲ, ಚೌಕಾಕಾರದ ಒಂದು ಬೆಳ್ಳನೆಯ ಗುರುತು ಉಳಿದಿದೆ, ಅದರ ಮೇಲೆ ಖಾಲಿ ಮೊಳೆ. ನಮ್ಮ ಶೆಡ್ಡಿನ ನಿಯಮ ತಮಗೆ ಈಗ ಗೊತ್ತಿದೆ. ಆಕಾರ ಇದೆ, ಸಾಮಾನಿಲ್ಲ, ಬಿಲ್ಲೆಯೂ ಇಲ್ಲ ಎಂದಾದರೆ ಏನೋ ಕಾಣೆಯಾಗಿದೆ ಎಂದರ್ಥ, ಅದು ಸಿಗುವವರೆಗೆ ಹುಡುಕಬೇಕು. ಈ ಪತ್ರವೇ ಗಂಟೆ ಎಂದು ತಿಳಿದು ತಾವು ತಮ್ಮ ಕಡೆ ಹುಡುಕಲು ಶುರುಮಾಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹನ್ನೊಂದನೆಯ ಸ್ಥಾನದ ಟೂಲ್ ರೂಮಿನವನು

ತಾ.ಕ.: ಮುಂದೆ ಯಾವತ್ತಾದರೂ ಮನಸ್ಸು ಕರಗಿ ನಮಗೆ ಮತ್ತೊಂದು ಪ್ರಮಾಣಪತ್ರ ಕೊಡುವುದಾದರೆ, ಅದನ್ನು ತೂಗುಹಾಕಲು ತಮ್ಮದೇ ಸ್ಕ್ರೂಡ್ರೈವರ್ ತರಬೇಕು. ನಮ್ಮದೇ ಬೇಕೆಂದರೆ ಅಡ್ಡಿಯಿಲ್ಲ, ತಮ್ಮ ಸಮಿತಿಯ ಹೆಸರಿನಲ್ಲಿ ಒಂದು ಬಿಲ್ಲೆ ಕೆತ್ತಿಸಿ ಇಟ್ಟಿದ್ದೇನೆ. ಕೊಕ್ಕೆಗೆ ಹಾಕದೆ ಒಯ್ದರೆ ಗಂಟೆ ಬಡಿಯುತ್ತೇನೆ, ವರದಿ ಬರೆಯಲು ಅಕ್ಕನನ್ನು ಗೋದಾಮಿನಿಂದಲಾದರೂ ಕರೆಸುತ್ತೇನೆ.